‘ಹೇಗೂ ಬೀಳುವ ಹಲ್ಲು’

ನಿಮ್ಮ ಮಗುವಿನ ಬಾಯಿಯಲ್ಲಿ ಎಷ್ಟು ಹಲ್ಲುಗಳಿವೆ ಎಂದು ಎಂದಾದರೂ ಎಣಿಸಿ ನೋಡಿದ್ದೀರಾ? ಮೂರು ವರ್ಷ ತುಂಬಿದ ಮಗುವಿಗೆ ಸಾಮಾನ್ಯವಾಗಿ 20 ಹಲ್ಲುಗಳಿರುತ್ತವೆ. ಎಣಿಸುವ ನೆಪದಲ್ಲಾದರೂ ಒಮ್ಮೆ ಬೆಳಕಿನಲ್ಲಿ ಅದರ ಬಾಯಿ ತೆರೆಸಿ ನೋಡಿ. ಮುಂದಿನ ಮಾತು ಆಮೇಲೆ.

ಹಲ್ಲುಗಳ ಲೆಕ್ಕವನ್ನು ನಾನು ಕಲಿತದ್ದು ಮದ್ರಸದ ತಜ್ವೀದ್ ತರಗತಿಯಲ್ಲಿ. ಸನಾಯಾ 4, ರುಬಾಇಯ್ಯಾತ್ 4, ಅನ್ಯಾಬ್ 4, ಝವಾಹಿಕ್ 4, ತವಾಹಿನ್ 12, ನವಾಜಿಝ್ 4, ಒಟ್ಟು 32 ಎಂದು ಬಾಯಿಪಾಠ ಮಾಡಿದ್ದೆವು. ಕುರ್‌ಆನ್ ಓದಲು ಕಲಿಯುವವರಿಗೆ ಹಲ್ಲಿನ ಲೆಕ್ಕವೇಕೆ ಎಂದು ನೀವು ಕೇಳಬಹುದು. ‘ಫಾ’ ಎನ್ನಲು ಮೇಲಿನ ಮುಂಹಲ್ಲಿನ ಅಂಚು ಕೆಳತುಟಿಯ ಒಳಭಾಗಕ್ಕೆ ತಾಗಬೇಕು. ‘ಸಾ’, ‘ಝಾಲ್’ ಅಕ್ಷರಗಳಿಗೆ ನಾಲಗೆಯ ತುದಿ ಅದೇ ಮುಂಹಲ್ಲುಗಳ ಅಂಚನ್ನು ಮುಟ್ಟಬೇಕು. ‘ಝ್ವಾದ್’ ಹೊರಡಲು ನಾಲಗೆಯ ಬದಿ ಮೇಲಿನ ದವಡೆ ಹಲ್ಲುಗಳಿಗೆ ಒತ್ತಬೇಕು. ಹಲ್ಲೇ ಇಲ್ಲದಿದ್ದರೆ ನಾಲಗೆ ಎಲ್ಲಿ ಮುಟ್ಟಬೇಕು?

ಶಿವಾಜಿನಗರದಲ್ಲಿ ಸಂಜೆ ಪಾಠಕ್ಕೆ ಬರುವ ನಾಲ್ಕೈದು ವರ್ಷದ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಮೇಲಿನ ನಾಲ್ಕು ಮುಂಹಲ್ಲುಗಳು ಸವೆದು ಕಪ್ಪು ಮೊಟಕುಗಳಾಗಿ ಉಳಿದಿರುವ ಮಕ್ಕಳು ಒಬ್ಬಿಬ್ಬರಲ್ಲ. ತಾಯಂದಿರಿಗೆ ಹೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ: “ದೂದ್ ಕೇ ದಾಂತಾಂ ಹೈ ನಾ ಆಪಾ, ಗಿರ್ ಜಾತೈಂ.” ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ!

ಬೀಳುತ್ತದೆ ಎಂಬುದು ನಿಜ. ಆದರೆ ಯಾವಾಗ? ಮುಂಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ಹಾಲಿನ ದವಡೆ ಹಲ್ಲುಗಳು ಬೀಳುವುದು 10ರಿಂದ 12ನೇ ವಯಸ್ಸಿನಲ್ಲಿ. ನಾಲ್ಕನೇ ವರ್ಷಕ್ಕೆ ಹುಳುಕಾದ ದವಡೆ ಹಲ್ಲಿನಿಂದಲೇ ಮಗು ಇನ್ನೂ ಆರೇಳು ವರ್ಷ ರೊಟ್ಟಿ ಅಗಿಯಬೇಕು. ಹಾಲುಹಲ್ಲಿನ ಹೊರಕವಚ ತೆಳು, ಒಳಗಿನ ನರದ ಭಾಗ ದೊಡ್ಡದು. ಆದ್ದರಿಂದ ಹುಳುಕು ದೊಡ್ಡವರ ಹಲ್ಲಿಗಿಂತ ಬಹಳ ಬೇಗ ನರವನ್ನು ತಲುಪುತ್ತದೆ. ಬೇರಿನ ಕೆಳಗೆ ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಮೇಲಿನ ಹಲ್ಲಿನ ಕೀವು ಆ ಮೊಳಕೆಗೂ ಹಾನಿ ಮಾಡಬಹುದು.

ಇನ್ನೊಂದು ಸಂಗತಿ ಓದಿದ ತಾಯಂದಿರಿಗೂ ಗೊತ್ತಿರುವುದಿಲ್ಲ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ಹೊಸ ದವಡೆ ಹಲ್ಲುಗಳು ಸದ್ದಿಲ್ಲದೆ ಹುಟ್ಟುತ್ತವೆ. ಅವು ಹಾಲುಹಲ್ಲುಗಳಲ್ಲ, ಬದುಕಿನುದ್ದಕ್ಕೂ ಇರಬೇಕಾದ ಹಲ್ಲುಗಳು. ಇವನ್ನೂ ‘ಬೀಳುವ ಹಲ್ಲು’ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

ನನ್ನ ತರಗತಿಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಸದಾ ಕೆನ್ನೆಗೆ ಅಂಗೈ ಆನಿಸಿಕೊಂಡು ಕೂರುತ್ತಿದ್ದಳು. ಒಂದೇ ಬದಿಯಲ್ಲಿ ಅಗಿಯುತ್ತಿದ್ದಳು, ಊಟ ಅರ್ಧಕ್ಕೆ ಬಿಡುತ್ತಿದ್ದಳು. ಮನೆಯಲ್ಲಿ ಲವಂಗದ ಎಣ್ಣೆ ಹಚ್ಚುತ್ತಿದ್ದರು. ನೋವು ಜೋರಾದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತಿದ್ದರು. ಮಾತ್ರೆಗೆ ಊತ ಇಳಿಯುತ್ತಿತ್ತು, ತಿಂಗಳಲ್ಲಿ ಮತ್ತೆ ಬರುತ್ತಿತ್ತು. ಒಂದು ದಿನ ಕಣ್ಣಿನ ಕೆಳಗಿನವರೆಗೂ ಊದಿಕೊಂಡು, ಜ್ವರದೊಂದಿಗೆ ಬಂದಳು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ “ಹಾಲುಹಲ್ಲು ತಾನೇ, ಎಲ್ಲ ಕಿತ್ತುಬಿಡೋಣ” ಎಂದರಂತೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಅವಳ ನಾನಿ ಹೆದರಿ, ಮಗುವನ್ನು ಎತ್ತಿಕೊಂಡು ಬಂದುಬಿಟ್ಟರು. ಹಲ್ಲು ಕಿತ್ತದ್ದರಿಂದ ಕಣ್ಣಿನ ದೃಷ್ಟಿ ಹೋಗುವುದಿಲ್ಲ. ಬದಲಿಗೆ ಹಾಗೆ ಮೇಲೇರುವ ಕೀವೇ ಅಪಾಯ. ಕೆನ್ನೆ ಊದಿ ಜ್ವರ ಬಂದರೆ ಒಂದು ರಾತ್ರಿಯೂ ಕಾಯಬಾರದು.

ಮರುದಿನ ಬೆಳಿಗ್ಗೆಯೇ ನಾನು ತಾಯಿ-ಮಗಳ ಜೊತೆ ಕುಕ್ ಟೌನಿನ ಎಂ.ಆರ್. ಅಂಬೇಡ್ಕರ್ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆ. ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ ಎಂಬುದು ಆ ತಾಯಿಗೆ ಗೊತ್ತೇ ಇರಲಿಲ್ಲ. ಎಕ್ಸ್‌ರೇ ತೆಗೆದರು. ಕೀವಿಗೆ ಔಷಧಿ ಕೊಟ್ಟು, ಊತ ಇಳಿದ ಮೇಲೆ ಒಂದೊಂದೇ ಹಲ್ಲನ್ನು ಹಿಡಿದರು. ಒಂದು ಹಲ್ಲು ಉಳಿಯುವಂತಿರಲಿಲ್ಲ, ಕಿತ್ತರು. ಕಿತ್ತು ಹಾಗೆಯೇ ಬಿಡಲಿಲ್ಲ. ಪಕ್ಕದ ಹಲ್ಲಿಗೆ ಉಂಗುರ ತೊಡಿಸಿ, ಅದಕ್ಕೊಂದು ತಂತಿಯ ಕೊಕ್ಕೆ ಬೆಸೆದು ಖಾಲಿ ಜಾಗವನ್ನು ಕಾದಿರಿಸಿದರು. ಇಲ್ಲವಾದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಹೊಸ ಹಲ್ಲು ಬರಲು ದಾರಿಯಿಲ್ಲದೆ ಸೊಟ್ಟಗೆ ಹುಟ್ಟುತ್ತದೆ. ಎರಡನೆಯ ಹಲ್ಲಿನಲ್ಲಿ ಹುಳುಕು ನರವನ್ನು ಮುಟ್ಟಿತ್ತು, ಆದರೆ ಬೇರು ಆರೋಗ್ಯವಾಗಿತ್ತು. ಮೇಲ್ಭಾಗದ ಕೆಟ್ಟ ನರವನ್ನಷ್ಟೇ ತೆಗೆದು, ಔಷಧಿಯಿಟ್ಟು ಸಿಮೆಂಟ್ ತುಂಬಿ, ಮೇಲೊಂದು ಸ್ಟೀಲ್ ಕ್ಯಾಪ್ ಕೂರಿಸಿದರು. ಹೊಸ ಹಲ್ಲು ಬರುವಾಗ ಹಾಲುಹಲ್ಲಿನ ಜೊತೆಗೇ ಆ ಕ್ಯಾಪ್ ಕೂಡ ಬಿದ್ದುಹೋಗುತ್ತದೆ.

ಮೂರನೆಯ ಹಲ್ಲನ್ನು ತೋರಿಸಿ ಡಾಕ್ಟರ್, “ಇದು ಹಾಲುಹಲ್ಲಲ್ಲಮ್ಮ, ಇದು ಬಿದ್ದರೆ ಮತ್ತೆ ಬರುವುದಿಲ್ಲ” ಎಂದರು. ಹುಟ್ಟಿ ಒಂದು ವರ್ಷವೂ ಆಗದ ಹಲ್ಲು. ಅಷ್ಟರಲ್ಲೇ ಅದರ ಗೀರುಗಳಲ್ಲಿ ಹುಳುಕು ಶುರುವಾಗಿತ್ತು. ಆ ತಾಯಿ ಬಹಳ ಹೊತ್ತು ಮಾತೇ ಆಡಲಿಲ್ಲ. ಅದೃಷ್ಟಕ್ಕೆ ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್. ಹುಡುಗಿ ಮಾತ್ರ ಮುಂದಿನ ವಾರ ತರಗತಿಯಲ್ಲಿ ಎಲ್ಲರಿಗೂ ತನ್ನ ‘ಚಾಂದಿಯ ಹಲ್ಲು’ ತೋರಿಸಿದ್ದೇ ತೋರಿಸಿದ್ದು. ನನಗೂ ಬೇಕು ಎಂದು ಇಬ್ಬರು ಹುಡುಗರು ಅತ್ತರು!

ಮುಂಹಲ್ಲು ಹಾಳಾದರೆ ಹಲ್ಲಿನ ಬಣ್ಣದ ವಸ್ತುವಿನಿಂದಲೇ ಮತ್ತೆ ಅದರ ಆಕಾರ ಕಟ್ಟುತ್ತಾರೆ. ಕುರ್ಚಿಯಲ್ಲಿ ಕೂರಲೊಲ್ಲದ ಪುಟ್ಟ ಮಕ್ಕಳಿಗೆ ಹುಳುಕನ್ನು ತಡೆದು ನಿಲ್ಲಿಸುವ ಒಂದು ದ್ರಾವಣವಿದೆ, ಸೂಜಿ ಬೇಡ, ಕೊರೆಯುವುದೂ ಬೇಡ. ಹುಳುಕಿದ್ದ ಜಾಗ ಕಪ್ಪಾಗುತ್ತದೆ, ಅಷ್ಟೇ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡಾಗಲೇ ಹೋದರಂತೂ ಫ್ಲೋರೈಡ್ ಲೇಪನದಿಂದಲೇ ಸರಿಹೋಗಬಹುದು.

ಹುಳುಕು ಬರುವುದೇಕೆ? ‘ಹಲ್ಲಿಗೆ ಹುಳ ಬಿದ್ದಿದೆ’ ಎನ್ನುತ್ತೇವೆ. ಅಲ್ಲಿ ಹುಳವೇನೂ ಇಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಎಷ್ಟು ಸಿಹಿ ತಿಂದರು ಎಂಬುದಕ್ಕಿಂತ ಎಷ್ಟು ಸಲ ತಿಂದರು ಎಂಬುದು ಮುಖ್ಯ. ಬೆಳಿಗ್ಗೆ ಚಾಯ್‌ನಲ್ಲಿ ಅದ್ದಿದ ರಸ್ಕ್, ಶಾಲೆಗೆ ಕ್ರೀಮ್ ಬಿಸ್ಕತ್ತು, ಸಂಜೆ ಬನ್, ಅಳು ನಿಲ್ಲಿಸಲು ಒಂದು ಚಾಕಲೇಟ್, ಕೊನೆಗೆ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ. ನಮ್ಮ ಕಂಟೋನ್ಮೆಂಟ್ ಮನೆಗಳ ದಿನಚರಿ ಇದೇ ಅಲ್ಲವೇ? ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲು ಮೇಲಿನ ಮುಂಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಗೆ ಕಾಪಾಡುತ್ತದೆ. ನಾಲ್ಕು ಮೇಲಿನ ಹಲ್ಲುಗಳೇ ಮೊದಲು ಹೋಗುವ ಗುಟ್ಟು ಇದು.

ನಮ್ಮ ಪ್ರವಾದಿ(ಸ)ರವರು ಮಿಸ್ವಾಕಿಗೆ ಎಷ್ಟು ಮಹತ್ವ ಕೊಟ್ಟಿದ್ದರೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಮೂರು ವರ್ಷದ ಮಗು ತಾನೇ ಮಿಸ್ವಾಕ್ ಮಾಡಿಕೊಳ್ಳಲಾರದು. ಏಳೆಂಟು ವರ್ಷದವರೆಗೆ ತಾಯಿಯೇ ಉಜ್ಜಬೇಕು. ಮೂರರೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ತುಂಬ ಹಾಕಬೇಡಿ.

ಕ್ಯಾಪ್ ಹಾಕಿಸಿದರೆ ಮುಂದೆ ಗುಸ್ಲ್ ಆಗುವುದೇ ಎಂದು ಕೇಳುವ ಸಹೋದರಿಯರಿದ್ದಾರೆ. ಹನಫಿಗಳಲ್ಲಿ ಗುಸ್ಲ್‌ನಲ್ಲಿ ಬಾಯಿ ಮುಕ್ಕಳಿಸುವುದು ಫರ್ಝ್ ಆದ್ದರಿಂದ ಈ ಪ್ರಶ್ನೆ. ಗಟ್ಟಿಯಾಗಿ ಕೂರಿಸಿದ, ಸುಲಭವಾಗಿ ತೆಗೆಯಲಾಗದ ಸಿಮೆಂಟ್ ಅಥವಾ ಕ್ಯಾಪ್ ಹಲ್ಲಿನ ಭಾಗವೇ ಆಗುತ್ತದೆ, ಅದರ ಮೇಲೆ ನೀರು ಹರಿದರೆ ಸಾಕು ಎಂದು ಉಲಮಾಗಳು ಹೇಳಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಸಹಾಬಿ ಅರ್ಫಜಾ(ರ)ರವರು ಬೆಳ್ಳಿಯ ಮೂಗು ಹಾಕಿಸಿಕೊಂಡಿದ್ದರು. ಅದು ವಾಸನೆ ಬಂದಾಗ ಚಿನ್ನದ್ದನ್ನು ಹಾಕಿಸಿಕೊಳ್ಳಲು ಪ್ರವಾದಿ(ಸ)ರವರು ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿಝಿಯಲ್ಲಿದೆ. ಹಲ್ಲಿಗೆ ಚಿನ್ನದ ತಂತಿ ಕಟ್ಟಬಹುದೇ ಎಂಬ ಚರ್ಚೆಯನ್ನು ಫಕೀಹ್‌ಗಳು ನಡೆಸಿದ್ದು ಇದೇ ಹದೀಸಿನ ಮೇಲೆ. ಹಾಳಾದ ಅಂಗವನ್ನು ಸರಿಪಡಿಸಿಕೊಳ್ಳಲು ಅನುಮತಿ ಅಂದೇ ಸಿಕ್ಕಿದೆ. ರಮಝಾನ್ ಮುಗಿಯಲಿ ಎಂದು ಮಗುವಿನ ಚಿಕಿತ್ಸೆ ಮುಂದೂಡುವುದಂತೂ ನನಗೆ ಅರ್ಥವಾಗುವುದಿಲ್ಲ. ಮಗುವಿಗೆ ಉಪವಾಸ ಕಡ್ಡಾಯವೇ ಅಲ್ಲವಲ್ಲ!

ಕೆ.ಆರ್. ಪುರದ ಕಡೆ ಕೋಲಾರ, ಬಾಗೇಪಲ್ಲಿಯಿಂದ ಬಂದು ನೆಲೆಸಿದ ಕುಟುಂಬಗಳಿವೆ. ಆ ಕಡೆ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿ ಬೆಳೆದ ಮಕ್ಕಳ ಹಲ್ಲಿನ ಕಂದು ಕಲೆ ಉಜ್ಜದ್ದರಿಂದ ಬಂದದ್ದಲ್ಲ. ಮಗುವನ್ನು ಬೈದು ಇನ್ನಷ್ಟು ತಿಕ್ಕಿಸಬೇಡಿ, ಡಾಕ್ಟರಿಗೆ ತೋರಿಸಿ.

ಮಕ್ಕಳು ಅಂಗನವಾಡಿ ಅಥವಾ ಸರಕಾರಿ ಶಾಲೆಯಲ್ಲಿದ್ದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಸರಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಬಳಿ, ಕೋಟೆ ಪ್ರದೇಶದಲ್ಲಿದೆ. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನವರು ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದವಿರುತ್ತದೆ. ಪೂರ್ಣ ಅರಿವಳಿಕೆ ಕೊಡುತ್ತೇವೆಂದು ಡಾಕ್ಟರ್ ಮೊದಲೇ ಹೇಳಿರದಿದ್ದರೆ ಮಗುವಿಗೆ ತಿಂಡಿ ತಿನ್ನಿಸಿಯೇ ಕರೆದೊಯ್ಯಿರಿ. ಹಸಿದ ಮಗು ಆ ಕುರ್ಚಿಯಲ್ಲಿ ಐದು ನಿಮಿಷವೂ ಕೂರುವುದಿಲ್ಲ.