ಪಿಗ್ಮಿ ಮಾಮನ ದನಿ

ವಿಜಯವಾಡದ ರೈತು ಬಜಾರಿನಲ್ಲಿ ಗೋಂಗೂರ ಕೊಳ್ಳಲು ನಿಂತಿದ್ದೆ. ನಮ್ಮ ಪುಂಡಿ ಸೊಪ್ಪೇ ಅದು, ಕೃಷ್ಣೆಯ ಜೊತೆ ಹರಿದು ಇಲ್ಲಿಗೆ ಬರುವಷ್ಟರಲ್ಲಿ ಹೆಸರು ಬದಲಿಸಿಕೊಂಡಿದೆ. ತಕ್ಕಡಿಯ ಪಕ್ಕ ಸೇಫ್ಟಿ ಪಿನ್ನಿಗೆ ಸಿಕ್ಕಿಸಿದ ಕ್ಯೂಆರ್ ಚೀಟಿ. ಸೊಪ್ಪಿನ ನೀರು ತಾಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಇಪ್ಪತ್ತು ರೂಪಾಯಿ ಕಳಿಸಿದೆ. ಬುಟ್ಟಿಯ ಹಿಂದಿದ್ದ ಪುಟ್ಟ ಪೆಟ್ಟಿಗೆ ಬಂದ ಹಣದ ಲೆಕ್ಕವನ್ನು ತೆಲುಗಿನಲ್ಲಿ ಗಟ್ಟಿಯಾಗಿ ಒಪ್ಪಿಸಿತು. ಸೊಪ್ಪು ಮಾರುತ್ತಿದ್ದ ಅಜ್ಜಿ ತಲೆಯಾಡಿಸಿ ಇನ್ನೊಂದು ಹಿಡಿ ಸೊಪ್ಪು ಹಾಕಿದರು.

ಆ ದನಿ ಕಿವಿಗೆ ಬಿದ್ದದ್ದೇ ದಿನದ ಉಳಿತಾಯ ಎತ್ತಲು ಮನೆಗೆ ಬರುತ್ತಿದ್ದ ನಮ್ಮೂರಿನ ಪಿಗ್ಮಿ ಮಾಮ ಕಣ್ಣ ಮುಂದೆ ಬಂದರು. ದೀಪ ಹಚ್ಚುವ ಹೊತ್ತಿಗೆ ಅವರ ಸೈಕಲ್ ಗಂಟೆ ಕೇಳಿಸಿದರೆ ಅಮ್ಮ ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆಯುವಳು. ಅವರು ಪುಸ್ತಕದಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿ, ಅಮ್ಮ ಹೂಂ ಎಂದ ಮೇಲೆಯೇ ಚಪ್ಪಲಿ ಮೆಟ್ಟುವರು. ಪಂಡಿತರು 'ವಿತ್ತೀಯ ಸೇರ್ಪಡೆ' ಎನ್ನುವುದನ್ನು ನಾನು ಮೊದಲು ಕಂಡದ್ದು ಆ ಸಾಸಿವೆ ಡಬ್ಬಿಯಲ್ಲಿ. ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಎನಿಸಿಕೊಂಡ ಬ್ಯಾಂಕು, 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಪಿಗ್ಮಿ ಎತ್ತಲು ತೊಡಗಿತ್ತು. ಇತ್ತ ಮಚಲಿಪಟ್ಟಣದಲ್ಲಿ ಪಟ್ಟಾಭಿ ಸೀತಾರಾಮಯ್ಯನವರು 1923ರಲ್ಲಿ ಆಂಧ್ರ ಬ್ಯಾಂಕ್ ಕಟ್ಟಿದ್ದರು. ಎರಡರ ಹೆಸರೂ ಒಂದೇ ದಿನ, 2020ರ ಏಪ್ರಿಲ್ 1ರಂದು, ವಿಲೀನದಲ್ಲಿ ಕರಗಿದವು. ನನಗೆ ಅದು ಇಂದಿಗೂ ನೋವು.

ಎಲ್ಲಿದ್ದೆ? ಹಾಂ, ದನಿ. ಅದು ಎಲ್ಲೆಡೆ ಕೇಳಿಸುವುದಿಲ್ಲ. ವಿಶಾಖಪಟ್ಟಣಕ್ಕೆ 'ಫಿನ್‌ಟೆಕ್ ವ್ಯಾಲಿ', ಅಂದರೆ ಹಣಕಾಸು ತಂತ್ರಜ್ಞಾನದ ಕಣಿವೆ, ಎಂಬ ಬಿರುದಿದೆ. ಅಲ್ಲಿಂದ ರೈಲಿನಲ್ಲಿ ಸುರಂಗಗಳನ್ನು ದಾಟಿ ಘಟ್ಟ ಹತ್ತಿದರೆ ಅರಕು ಕಣಿವೆ. ಅಲ್ಲಿನ ಸಂತೆಯಲ್ಲಿ ಶುಂಠಿ ಮಾರುತ್ತಿದ್ದಾಕೆಗೆ ಹಣ ಕಳಿಸಲು ಹೋದೆ. ಸಿಗ್ನಲ್ ಇಲ್ಲ, ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಮಾತಾಡುವ ಪೆಟ್ಟಿಗೆಯೂ ಆಕೆಯ ಬಳಿ ಇರಲಿಲ್ಲ. ಮಡಿಲಲ್ಲಿದ್ದದ್ದು ಬಟನ್ ಫೋನು. ಅಂಥ ಫೋನಿನಿಂದಲೂ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಲ್ಲೇ ಬಂದಿದೆ, ನಿಜ. ಆದರೆ ಅದನ್ನು ಪಕ್ಕದಲ್ಲಿ ಕೂತು ಕಲಿಸುವವರು ಬೇಕಲ್ಲ? ಹಣ ಬಂತೋ ಇಲ್ಲವೋ ತಿಳಿಯದೆ ಆಕೆ ನನ್ನ ಫೋನು ನೋಡಲಿಲ್ಲ, ನನ್ನ ಮುಖ ನೋಡಿದಳು. ಜೇಬು ತಡಕಿ ನೋಟು ಕೊಟ್ಟೆ.

ನೀವೂ ಸಂತೆಗೆ ಹೋಗುವವರು. ಹಣ ಕಳಿಸಿದ ಮೇಲೆ ಒಂದು ಗಳಿಗೆ ನಿಲ್ಲಿ. ಪೆಟ್ಟಿಗೆ ಮಾತಾಡದಿದ್ದರೆ ಮೊತ್ತವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಹೊರಡಿ.