ಅನಗವಾಡಿಯಲ್ಲಿ ಒಂದು ಐತವಾರ

ವಾರವೆಲ್ಲ ಬಾಗಲಕೋಟೆಯಲ್ಲಿ ಗಣಕಶಾಸ್ತ್ರವನ್ನು ಬೋಧಿಸುವ ನಮ್ಮ ಅಧ್ಯಾಪಕ ಮಿತ್ರರು ಐತವಾರ ಬಂದಿತೆಂದರೆ ಅನಗವಾಡಿಗೆ ಹೊರಡುವರು. ಈ ಸಲ ನಾವೂ ಜೊತೆಗೂಡಿದೆವು. ವಿಜಯಪುರದ ಹೆದ್ದಾರಿಯು ಘಟಪ್ರಭೆಯನ್ನು ದಾಟುವಲ್ಲಿ ಈ ಊರಿದೆ. ಹೊಳೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ೨೦೦೫ರಲ್ಲಿ ಪೂರ್ಣಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅಲ್ಲಿಂದ ಮೇಲೇರಿ ದಂಡೆಯ ಎರೆಹೊಲಗಳನ್ನು ನುಂಗಿದೆ.

ಬೇವಿನ ನೆರಳಿನಲ್ಲಿ ಕುಳಿತ ಮಿತ್ರರ ಕಾಕಾ ನೀರಿನತ್ತ ಬೆರಳು ತೋರಿದರು: “ಅಲ್ಲಿ ನೋಡ ತಮ್ಮಾ, ನಮ್ಮ ಬಾವಿ ಹೊಲ, ಅದರಾಚೆ ಬನ್ನಿಗಿಡದ ಪಟ್ಟಿ.” ಮಿತ್ರರು ಹೊಲಗಳ ಹೆಸರನ್ನೂ ಬದುಗಳ ಗುರುತನ್ನೂ ವಹಿಯಲ್ಲಿ ಬರೆದುಕೊಂಡರು, ರಾತ್ರಿ ಅವನ್ನು ಗಣಕಯಂತ್ರದ ನಕ್ಷೆಗೆ ಏರಿಸುವರಂತೆ. ಕಾಕಾರಿಗೆ ೮೦ ದಾಟಿದೆ; ಹೆಸರುಗಳಾದರೋ ಇನ್ನೂ ಬಹಳ ಉಳಿದಿವೆ. ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿಗಳನ್ನು ಬಿಚ್ಚುವಾಗ ಹೊತ್ತು ಇಳಿದಿತ್ತು. ಬರುವ ಐತವಾರ ತಪ್ಪದೆ ಬರುವೆವೆಂದು ಹೇಳಿ ನಾವು ಬಸ್ಸು ಹತ್ತಿದೆವು.