ಎರಡು ಆಕಾಶಗಳ ನಂಟು

ಜಪಾನು ದೇಶದ ಕ್ಯೂಷೂ ದ್ವೀಪವು ದಕ್ಷಿಣಕ್ಕೆ ಚಾಚಿ ಸಮುದ್ರದಲ್ಲಿ ಮುಗಿಯುವ ಎಡೆಗೆ ಸಾತಾ ಭೂಶಿರವೆಂದು ಹೆಸರು. ನಾವಿಕರಿಗಾಗಿ ೧೮೭೧ರಲ್ಲಿ ಅಲ್ಲಿ ಮೊದಲ ದೀಪಸ್ತಂಭವು ಬೆಳಗಿತು. ನಾವು ವಾಚಕರನ್ನು ಆ ಸೀಮೆಗೆ ಕರೆದೊಯ್ಯುವುದು ಆ ದೀಪಕ್ಕಾಗಿ ಅಲ್ಲ. ಅಲ್ಲಿಯ ಆಕಾಶದಲ್ಲಿ ಕಣ್ಣಿಗೆ ಕಾಣದಂತೆ ಬೆಳಗುವ ಬೇರೊಂದು ದೀಪಕ್ಕಾಗಿ.

ಅಮಾವಾಸ್ಯೆಯ ಇರುಳಿನಲ್ಲಿಯೂ ಆಕಾಶವು ಪೂರ್ಣವಾಗಿ ಕತ್ತಲೆಯಲ್ಲ. ನೆಲದಿಂದ ಸುಮಾರು ೨೫೦ ಕಿಲೋಮೀಟರು ಎತ್ತರದಲ್ಲಿ, ವಿದ್ಯುತ್ಕಣಗಳಿಂದ ತುಂಬಿದ ಅಯಾನುಮಂಡಲದಲ್ಲಿ, ಆಮ್ಲಜನಕದ ಪರಮಾಣುಗಳು ಮಂದವಾದ ಕೆಂಬೆಳಕನ್ನು ಸೂಸುತ್ತವೆ. ಇದನ್ನು ವಾಯುದೀಪ್ತಿ ಎನ್ನಬಹುದು. ೬೩೦ ನ್ಯಾನೋಮೀಟರಿನ ಆ ಬಣ್ಣವನ್ನು ಮಾತ್ರ ಒಳಬಿಡುವ ಗಾಜು, ಇಡೀ ಆಕಾಶವನ್ನು ಒಮ್ಮೆಗೇ ಹಿಡಿಯುವ ಮಸೂರ, ಬಹುಹೊತ್ತು ತೆರೆದಿಟ್ಟ ಕ್ಯಾಮರಾ, ಇವು ಕೂಡಿದರೆ ಆ ಬೆಳಕು ಚಿತ್ರವಾಗುತ್ತದೆ. ವಿದ್ಯುತ್ಕಣಗಳು ಕೆಳಗಿಳಿದಲ್ಲಿ ಬೆಳಕು ಹೆಚ್ಚು, ಮೇಲೇರಿದಲ್ಲಿ ಕಡಮೆ. ಆದುದರಿಂದ ಅಲ್ಲಿಯ ಅಲೆಗಳು ನೂರಾರು ಕಿಲೋಮೀಟರು ಅಂತರದ ಪಟ್ಟೆಗಳಾಗಿ ತೋರುತ್ತವೆ.

ಇನ್ನು ಸಾತಾವನ್ನು ಬಿಟ್ಟು, ಭೂಮಧ್ಯರೇಖೆಯನ್ನು ದಾಟಿ, ದಕ್ಷಿಣಕ್ಕೆ ಸುಮಾರು ೫,೫೦೦ ಕಿಲೋಮೀಟರು ಸಾಗೋಣ. ಆಸ್ಟ್ರೇಲಿಯದ ಉತ್ತರ ಪ್ರಾಂತದಲ್ಲಿ, ಹೆದ್ದಾರಿಯ ಬದಿಯಲ್ಲಿ, ರೆನ್ನರ್ ಸ್ಪ್ರಿಂಗ್ಸ್ ಎಂಬ ಪ್ರಯಾಣಿಕರ ತಂಗುದಾಣವುಂಟು. ಸಾತಾದ ಆಕಾಶವನ್ನು ಹಾದ ಭೂಕಾಂತದ ಬಲರೇಖೆಯು ಸಾವಿರ ಕಿಲೋಮೀಟರಿಗೂ ಮೇಲೆ ಕಮಾನಿನಂತೆ ಬಾಗಿ, ಈ ಬಯಲುಸೀಮೆಯ ಆಕಾಶದಲ್ಲಿ ಇಳಿಯುತ್ತದೆ.

೨೦೦೨ರ ಆಗಸ್ಟಿನಲ್ಲಿ ಜಪಾನಿನ ಒತ್ಸುಕಾ ಮೊದಲಾದ ವಿದ್ವಾಂಸರು ಎರಡೂ ಕಡೆಯ ಆಕಾಶವನ್ನು ಒಂದೇ ರಾತ್ರಿ ಚಿತ್ರಿಸಿದರು. ಸಾತಾದಲ್ಲಿ ಪಟ್ಟೆಗಳು ನೈರುತ್ಯಕ್ಕೆ ಸರಿಯುತ್ತಿದ್ದರೆ, ಆಸ್ಟ್ರೇಲಿಯದಲ್ಲಿ ವಾಯವ್ಯಕ್ಕೆ ಸರಿಯುತ್ತಿದ್ದವು. ಒಂದರ ಚಿತ್ರವನ್ನು ಬಲರೇಖೆಗಳ ಮೇಲೆ ಹಾಯಿಸಿ ಇನ್ನೊಂದರ ಮೇಲಿಟ್ಟು ನೋಡಿದರೆ, ಬಿಂಬಕ್ಕೆ ಪ್ರತಿಬಿಂಬದಂತೆ ಹೊಂದಿಕೊಂಡಿತು! ಅಲೆಯೊಳಗಿನ ವಿದ್ಯುತ್‌ಕ್ಷೇತ್ರವು ಬಲರೇಖೆಯುದ್ದಕ್ಕೂ ಹರಿದು ಎರಡೂ ಕಡೆಯ ಕಣಗಳನ್ನು ಏರಿಳಿಸುವುದೇ ಇದಕ್ಕೆ ಕಾರಣ. ನಮ್ಮ ಶಾಸ್ತ್ರಕಾರರು ಹೇಳುವ ದೇಹಲೀದೀಪ ನ್ಯಾಯವೂ ಇಂಥದೇ: ಹೊಸ್ತಿಲ ಮೇಲಿಟ್ಟ ಒಂದೇ ದೀಪವು ಮನೆಯೊಳಗನ್ನೂ ಅಂಗಳವನ್ನೂ ಬೆಳಗುತ್ತದೆ.

ಇದರಿಂದ ಗೃಹಸ್ಥರಿಗೇನೆಂದು ಕೇಳಬಹುದು. ಹಡಗಿಗೂ ವಿಮಾನಕ್ಕೂ, ಈಗ ಕೈಯಲ್ಲಿ ಹಿಡಿದ ದೂರವಾಣಿಗೂ, ದಾರಿ ತೋರುವ ಉಪಗ್ರಹಗಳ ಸಂಕೇತಗಳು ಈ ಮಂಡಲವನ್ನು ಹಾದೇ ಬರಬೇಕು. ಅಲ್ಲಿ ಕ್ಷೋಭೆಯೆದ್ದರೆ ಸಂಕೇತಗಳಲ್ಲಿ ವ್ಯತ್ಯಾಸವುಂಟಾಗಿ, ತೋರಿಸಿದ ಸ್ಥಾನವು ತಪ್ಪಬಹುದು. ಆ ಕ್ಷೋಭೆಯ ಮೂಲವು ಎದುರು ಗೋಳಾರ್ಧದಲ್ಲಿಯೂ ಇರಬಹುದಾದುದರಿಂದ, ತನ್ನ ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿದರೆ ಸಾಲದು.

ಆದರೆ ಒಂದು ಕಡೆ ಮೋಡ ಕವಿದರೂ ಕೆಲಸ ಕೆಟ್ಟಂತೆಯೇ. ಆಗಸ್ಟು ತಿಂಗಳು ರೆನ್ನರ್ ಸ್ಪ್ರಿಂಗ್ಸಿಗೆ ಮಳೆಯಿಲ್ಲದ ಕಾಲ, ಸಾತಾಕ್ಕೆ ಚಂಡಮಾರುತಗಳ ಕಾಲ. ಎರಡೂ ಊರುಗಳಿಗೆ ನಿರ್ಮಲವಾದ ಒಂದೇ ಇರುಳು ಒದಗುವುದನ್ನು ಕಾದು ಕುಳಿತವರ ತಾಳ್ಮೆಗೆ ನಾವು ಕೈಮುಗಿಯುತ್ತೇವೆ.